ವೈನಿ ಹಿಂದಿರುಗಿಸದ ನಾಲ್ಕು ಕಾಳು

ಹೋದ ಶುಕ್ರವಾರ ಚಚಡಿಯಲ್ಲಿ ಒಬ್ಬ ತಾಯಿ ನನ್ನ ಉಡಿ ತುಂಬಿದರು. ಸೆರಗು ಒಡ್ಡಿ ನಿಂತಿದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಎಲ್ಲದರ ಮೇಲೆ ಕುಪ್ಪಸದ ಒಂದು ಹಸಿರು ಖಣ. ಗಂಜಿ ಬಿಡದ ಹೊಸ ಖಣದ ವಾಸನೆ, ಕೊಬ್ಬರಿಯ ಸಣ್ಣ ಕಮಟು, ಅರಿಷಿಣದ ಘಾಟು ಮೂರೂ ಕೂಡಿ ಮೂಗಿಗೆ ಬಡಿದದ್ದೇ ತಡ, ಹಿಡಿದ ಸೆರಗು ಕೈ ಜಾರಿತು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು.

"ಇರ್ಲಿ ಬಿಡ್ರಿ ಅಕ್ಕಾರ, ಮತ್ತ ತುಂಬತೇನಿ," ಎಂದು ಆ ತಾಯಿಯೇ ಕುಕ್ಕರುಗಾಲಿನಲ್ಲಿ ಕೂತು ಕಾಳು ಬಳಿಯತೊಡಗಿದರು. ನಾನು ನಗಲು ನೋಡಿದೆ, ಬರಲಿಲ್ಲ. ನನಗೆ ನಮ್ಮ ಎದುರು ಮನೆಯ ವೈನಿ ನೆನಪಾಗಿದ್ದರು.

ನಮ್ಮ ಕಡೆ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಉಡಿ ತುಂಬದೆ ಕಳಿಸುವುದಿಲ್ಲ. ಬರಿ ಉಡಿಯಲ್ಲಿ ಹೊಸ್ತಿಲು ದಾಟಬಾರದು ಎಂದು ನಂಬಿಕೆ. ತುಂಬಿಸಿಕೊಂಡವಳು ಹೊರಡುವ ಮುಂಚೆ ತನ್ನ ಉಡಿಯಿಂದ ನಾಲ್ಕು ಕಾಳು ತೆಗೆದು ತಟ್ಟೆಗೆ ವಾಪಸ್ಸು ಹಾಕಬೇಕು. ನನ್ನ ಕಾಳು ಈ ಮನೆಯಲ್ಲಿ ಉಳಿದಿದೆ, ಮತ್ತೆ ಬರುತ್ತೇನೆ ಎಂದು ಅದರ ಅರ್ಥ. ನಮ್ಮವ್ವ ಓಣಿಯ ಎಷ್ಟು ಹೆಣ್ಣುಮಕ್ಕಳ ಉಡಿ ತುಂಬಿದ್ದಾಳೋ ಲೆಕ್ಕವಿಲ್ಲ. ಅವಳ ಕೈಗುಣ ಒಳ್ಳೆಯದೆಂದು ಹೆಸರಿತ್ತು. ಆ ಹೆಸರೇ ಒಬ್ಬರನ್ನು ತಿಂದಿತು.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಾನು ಆಗ ಬಿ.ಎಡ್. ಮುಗಿಸಿ, ನೌಕರಿಯ ದಾರಿ ಕಾಯುತ್ತ ಬೈಲಹೊಂಗಲದ ಮನೆಯಲ್ಲಿ ಅವ್ವನ ಜೊತೆ ಇದ್ದೆ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಗಂಡ ಹೆಂಡತಿ ಇಬ್ಬರೇ. ಗಂಡ ಊರಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕರು. ನಾವೆಲ್ಲ ಸರ್ ಎನ್ನುತ್ತಿದ್ದೆವು. ಇಷ್ಟೆಲ್ಲ ತಿಳಿದ ಮೇಲೂ ಬರೆಯುವಾಗ ನನ್ನ ಕೈ ಅವರಿಗೆ ಮರ್ಯಾದೆ ಕೊಟ್ಟೇ ಬರೆಯುತ್ತದೆ ನೋಡಿ, ಅಷ್ಟು ಆಳಕ್ಕೆ ಇಳಿದಿತ್ತು ಅವರ ಒಳ್ಳೆಯತನ. ಕುಡಿಯುವವರಲ್ಲ, ಗುಟ್ಕಾ ಮುಟ್ಟುವವರಲ್ಲ, ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಹೋಗುವವರು, ದನಿ ಏರಿಸಿದ್ದನ್ನು ಯಾರೂ ಕೇಳಿದ್ದಿಲ್ಲ. ಅವರ ಹೆಂಡತಿ, ನಾನು ಅತ್ತಿಗೆಯೆಂದು ವೈನಿ ಎನ್ನುತ್ತಿದ್ದವರು, ರಾಮದುರ್ಗದ ಕಡೆಯವರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಮದುವೆಗೆ ಮೊದಲು ಸಾಲಿಯಲ್ಲಿ ಪಾಠ ಹೇಳುತ್ತಿದ್ದರಂತೆ.

ಎಲ್ಲರೂ ಲ್ಯಾಂಡ್‌ಲೈನ್ ತೆಗೆಸಿ ಮೊಬೈಲ್ ಹಿಡಿಯುತ್ತಿದ್ದ ಕಾಲದಲ್ಲಿ ಸರ್ ಹೊಸದಾಗಿ ಲ್ಯಾಂಡ್‌ಲೈನ್ ಹಾಕಿಸಿದರು. ಹೆಂಡತಿಗೆ ಮೊಬೈಲ್ ಕೊಡಿಸಲಿಲ್ಲ. ಮೊಬೈಲಿನಿಂದ ತಲೆನೋವು ಬರುತ್ತದೆ ಎಂದು ಅವರ ಕಾಳಜಿ. ನಮಗೆ ಯಾರಿಗೂ ಹೊಳೆಯಲಿಲ್ಲ, ಮೊಬೈಲು ಹೋದಲ್ಲಿ ಬರುತ್ತದೆ, ಲ್ಯಾಂಡ್‌ಲೈನು ಗೋಡೆ ಬಿಟ್ಟು ಕದಲುವುದಿಲ್ಲ ಎಂದು.

ಕಾಲೇಜಿನಲ್ಲಿ ಒಂದು ಪಿರಿಯಡ್ ಎಂದರೆ ಮುಕ್ಕಾಲು ಗಂಟೆ. ಪ್ರತಿ ಪಿರಿಯಡ್ ಮುಗಿದ ಕೂಡಲೇ ಮನೆಗೆ ಸರ್ ಫೋನು. ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳು ಮೊರ ಹಿಡಿದು ಕಾಳು ಹಸನು ಮಾಡಲು ಕೂರುತ್ತಿದ್ದೆವು. ವೈನಿಯೂ ಬರುತ್ತಿದ್ದರು. ಅವರ ಬೆರಳು ಎಷ್ಟು ಚುರುಕೆಂದರೆ, ಮಾತಾಡುತ್ತಲೇ ಅಕ್ಕಿಯಲ್ಲಿನ ಬಿಳಿ ಹರಳನ್ನು ನೋಡದೆ ಹೆಕ್ಕಿ ಎಸೆಯುತ್ತಿದ್ದರು. ಆದರೆ ಫೋನು ಒಮ್ಮೆ ಟ್ರಿಣ್ ಎಂದರೆ ಸಾಕು, ಮೊರ ಬಿಸಾಕಿ ಬರಿಗಾಲಲ್ಲಿ ಓಡುತ್ತಿದ್ದರು. ಮೂರನೇ ರಿಂಗಿಗೆ ಎತ್ತಬೇಕು. ನಾವು ಹಿಂದಿನಿಂದ ಕೂಗಿ ಚೇಷ್ಟೆ ಮಾಡುತ್ತಿದ್ದೆವು.

"ನಮ್ಮವರು ತಿಂಗಳಿಗೊಮ್ಮೆನೂ ಹಿಂಗ ಕೇಳೂದಿಲ್ಲವಾ, ನಿಮ್ಮವರು ಗಂಟೆಗೊಮ್ಮೆ ಕೇಳತಾರ, ಪುಣ್ಯಾ ಮಾಡೀರಿ!"

ಹೊಟ್ಟೆಕಿಚ್ಚೂ ಇತ್ತು ಎಂದೇ ಹೇಳುತ್ತೇನೆ. ಹೆಂಡತಿ ಇವತ್ತು ಯಾವ ಸೀರೆ ಉಡಬೇಕೆಂದು ಸರ್ ತಾವೇ ಆರಿಸಿ ಮಂಚದ ಮೇಲೆ ಇಟ್ಟು ಹೋಗುತ್ತಾರಂತೆ ಎಂದು ಗೊತ್ತಾದಾಗ, ನಮ್ಮ ಓಣಿಯ ಅರ್ಧ ಹೆಂಗಸರು ಮನೆಗೆ ಹೋಗಿ ತಮ್ಮ ಗಂಡಂದಿರ ಜೊತೆ ಜಗಳ ತೆಗೆದರು. ವೈನಿ ನಗುತ್ತಿದ್ದರು. ಆ ನಗು ಹಲ್ಲಿನವರೆಗೆ ಬಂದು ನಿಲ್ಲುತ್ತಿತ್ತು, ಕಣ್ಣಿನವರೆಗೆ ಏರುತ್ತಿರಲಿಲ್ಲ. ನನಗೆ ಅದು ಕಾಣುತ್ತಿತ್ತು… ಕಂಡೂ ನಾನು ಅದನ್ನು ಬಡಾಯಿ ಎಂದುಕೊಂಡೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ಎಷ್ಟು ದೊಡ್ಡ ಮಾತು ಎಂದು ಬೇರೆ ಹೇಳಬೇಕಿಲ್ಲ. ವೈನಿಯ ಅಣ್ಣ ಕರೆಯಲು ಬಂದ. ಸರ್ ಬೇಡವೆನ್ನಲಿಲ್ಲ. ಚಹಾ ಕುಡಿಸಿದರು, ಹೋಗಿ ಬಾ ಎಂದರು. ತಾವು ಮಾತ್ರ ಆ ಹೊತ್ತಿನಿಂದ ಊಟ ಬಿಟ್ಟು ಗೋಡೆಗೆ ಒರಗಿ ಕೂತರು. ನೀನಿಲ್ಲದೆ ಅನ್ನ ಇಳಿಯುವುದಿಲ್ಲ ಎಂದು ಅಷ್ಟೇ ಮಾತು. ಅಣ್ಣ ಒಬ್ಬನೇ ಹಿಂದಿರುಗಿದ. ಮರುವರ್ಷವೂ ಹಾಗೇ ಆಯಿತು. ಮೂರನೆಯ ವರ್ಷ ಆತ ಬರಲಿಲ್ಲ. ಓಣಿಯವರು ಹೊಗಳಿದ್ದು ಗಂಡನನ್ನು.

ಒಂದು ದಿನ ಸರ್ ನಮ್ಮ ಮನೆಗೇ ಬಂದರು. ಅವ್ವನ ಎದುರು ಕೈಕಟ್ಟಿ ಕೂತು, ಇವಳಿಗೆ ಇತ್ತೀಚೆಗೆ ಮರೆವು ಬಹಳವಾಗಿದೆ ಎಂದರು. "ಇಟ್ಟಿದ್ದು ನೆನಪಿರೂದಿಲ್ರಿ ಅವ್ವಾರ. ಎಲ್ಲೆರ ಹೊಂಟ್ರ ನನಗೊಂದು ಫೋನ್ ಮಾಡ್ರಿ. ನಿಮ್ಮ ಮಗಳಂತ ತಿಳ್ಕೊಂಡು ಒಂದೀಟು ನೋಡ್ಕೋತ ಇರ್ರಿ." ಅವರ ಕಣ್ಣಲ್ಲಿ ನೀರೂ ಬಂದಿತ್ತು. ಅವ್ವ ಕರಗಿ ಹೋದಳು. ಅವತ್ತಿನಿಂದ ಸಂಬಳವಿಲ್ಲದ ಕಾವಲುಗಾರರಾಗಿ ನಾವಿಬ್ಬರೂ ಎದುರು ಮನೆಯ ಬಾಗಿಲ ಮೇಲೆ ಕಣ್ಣಿಟ್ಟೆವು. ಅದನ್ನು ಪ್ರೀತಿ ಎಂದೇ ಮಾಡಿದೆವು.

ಆಮೇಲೆ ಆ ಮಧ್ಯಾಹ್ನ…

ಎರಡೂ ಮುಕ್ಕಾಲರ ಫೋನು ಬಂದು ಹೋಗಿ ಎರಡು ನಿಮಿಷ ಆಗಿರಬೇಕು. ವೈನಿ ನಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ಸಂತೆಗೆ ಒಯ್ಯುವ ವಾಯರ್ ಚೀಲ. ಮೇಲೆ ಕೊತ್ತಂಬರಿ ಕಾಣುತ್ತಿತ್ತು, ಅದರ ಕೆಳಗೆ ಎರಡು ಸೀರೆ ಇದ್ದವು. ಅವ್ವ ಒಳಗೆ ಮಲಗಿದ್ದಳು. ವೈನಿ ನನ್ನ ಕೈ ಹಿಡಿದು ತಮ್ಮ ಮನೆಯ ಕೀಲಿಯನ್ನು ಅದರಲ್ಲಿಟ್ಟರು. 

"ತಂಗಿ, ಸಾಡೇ ಮೂರಕ್ಕ ಫೋನ್ ಬರತೈತಿ. ನೀ ಹೋಗಿ ಕುಂತು ಎತ್ತು. ವೈನಿ ಹಿತ್ತಲದಾಗ ಅರಿವಿ ಒಗ್ಯಾಕ ಹತ್ಯಾರಂತ ಅನ್ನು. ಇದೊಂದು ಫೋನ್ ಅಷ್ಟ. ಮುಂದಿನ ಫೋನ್ ಬರೂದ್ರಾಗ ನಾ ಬಸ್ಸಿನ್ಯಾಗ ಯರಗಟ್ಟಿ ದಾಟಿರತೇನಿ."

ಮೂರೂ ಕಾಲಿಗೊಂದು ರಾಮದುರ್ಗದ ಬಸ್ಸಿತ್ತು. ಮೂರೂವರೆಯ ಫೋನನ್ನು ಯಾರೂ ಎತ್ತದಿದ್ದರೆ ಸರ್ ಮೋಟಾರ್ ಸೈಕಲ್ ಹತ್ತಿ ದಾರಿಯಲ್ಲೇ ಬಸ್ಸು ಹಿಡಿಯುತ್ತಾರೆ. ಎತ್ತಿದರೆ ಇನ್ನೊಂದು ಮುಕ್ಕಾಲು ಗಂಟೆ ಸಿಗುತ್ತದೆ, ವೈನಿ ಅಣ್ಣನ ಮನೆ ಸಮೀಪಿಸುತ್ತಾರೆ. ಎಷ್ಟು ದಿನದಿಂದ ಲೆಕ್ಕ ಹಾಕಿದ್ದರೋ. ನನ್ನಿಂದ ಅವರು ಕೇಳಿದ್ದು ಒಂದೇ ಒಂದು ಸುಳ್ಳು.

ನಾನು ಹ್ಞೂಂ ಎಂದು ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಅವ್ವನನ್ನು ಎಬ್ಬಿಸಿದೆ.

ಅವ್ವ ಎದ್ದು ಬಂದವಳೇ ವೈನಿಯ ಕೈ ಹಿಡಿದು ಪಡಸಾಲೆಯಲ್ಲಿ ಕೂರಿಸಿದಳು. ಕಣ್ಣೊರೆಸಿದಳು. ಇದೇ ನಿನ್ನ ತವರುಮನೆ ಎಂದು ತಿಳಿದುಕೋ ಎಂದಳು. ಚಹಾ ಇಡಲು ನನ್ನನ್ನು ಒಳಗೆ ಕಳಿಸಿದಳು. ಗಡಿಯಾರದಲ್ಲಿ ಮೂರು ಹೊಡೆಯಿತು. ವೈನಿ ಎದ್ದರೆ ಅವ್ವ ಭುಜ ಒತ್ತಿ ಕೂರಿಸುವಳು.

"ಹೊಡೀತಾನೇನ ಯವ್ವಾ?"

"ಇಲ್ರಿ."

"ಕುಡೀತಾನೇನು? ಮತ್ತೊಬ್ಬಾಕಿ ಅದಾಳೇನು?"

"ಇಲ್ರಿ ಅವ್ವಾರ."

"ಮತ್ತ ಏನ್ ಬ್ಯಾನಿ ನಿನಗ?"

ನಮಗೆ ಗೊತ್ತಿದ್ದದ್ದು ಆ ಮೂರು ಪ್ರಶ್ನೆ. ಮೂರಕ್ಕೂ ಇಲ್ಲ ಎಂದರೆ ಸಂಸಾರ ಚೆನ್ನಾಗಿದೆ ಎಂದು ಲೆಕ್ಕ. ವೈನಿ ಮತ್ತೊಮ್ಮೆ ಗಡಿಯಾರ ನೋಡಿದರು. ಆಮೇಲೆ, "ನನಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಾಗೂದಿಲ್ರಿ," ಎಂದರು. ನಾನು ಇಟ್ಟ ಜಾಗದಲ್ಲಿ ಇರುವುದಿಲ್ಲ, ದಿನಾ ಬೇರೆ ಕಡೆ ಸಿಗುತ್ತದೆ, ನೀನೇ ಇಟ್ಟು ಮರೆತೆ ಎನ್ನುತ್ತಾರೆ. ಮೊದಲು ಅವರು ಸರಿಸುತ್ತಾರೆಂದು ನನಗೆ ಗೊತ್ತಿತ್ತು, ಈಗ ನಾನೇ ಸರಿಸುತ್ತೇನೋ ಏನೋ ಎಂದು ಅನಿಸುತ್ತದೆ ಎಂದರು. "ನಾ ಅನ್ನಾಕಿ ಇದ್ದೇನೋ ಇಲ್ಲೋ ಅಂತನ ತಿಳೀವಲ್ದಾಗೇತ್ರಿ."

ಅವ್ವ ಸಣ್ಣಗೆ ನಕ್ಕಳು. ಕೆಟ್ಟ ನಗುವಲ್ಲ, ಮಗು ಗುಮ್ಮನಿಗೆ ಅಂಜಿದಾಗ ನಗುವಂಥದ್ದು. ಉಪ್ಪಿನ ಡಬ್ಬಿಗಾಗಿ ಯಾರಾದರೂ ಗಂಡನನ್ನು ಬಿಡುತ್ತಾರೆಯೇ? ಒಲೆಯ ಮುಂದೆ ನಿಂತು ನಾನೂ ಹಾಗೇ ಅಂದುಕೊಂಡೆ, ಚಹಾ ಸೋಸುತ್ತ.

ಮೂರೂ ಕಾಲಿನ ಬಸ್ಸು ಹೋಯಿತು. ವೈನಿ ನನ್ನ ಕಡೆ ನೋಡಿದರು. ನಾಲ್ಕಕ್ಕೆ ಇನ್ನೊಂದಿದೆ, ನೀನು ಫೋನಿಗಾದರೂ ಹೋಗು ಎಂದು ಕಣ್ಣಲ್ಲೇ ಬೇಡಿಕೊಂಡರು. ನಾನು ಹೋದೆ.

ಆ ಮನೆಯೊಳಗೆ ನಾನು ಹೋದದ್ದು ಅದೇ ಮೊದಲು. ಫೋನಿನ ಎದುರು ಒಂದು ಗಡಿಯಾರ, ಗಡಿಯಾರದ ಕೆಳಗೆ ಗೋಡೆಗೆ ಅಂಟಿಸಿದ ಹಾಳೆ. ಸೋಮವಾರ ಯಾವ ಸೀರೆ, ಮಂಗಳವಾರ ಯಾವುದು, ಯಾವ ಹೊತ್ತಿಗೆ ಯಾವ ಪಲ್ಯ, ಕಿಟಕಿ ಎಷ್ಟು ಗಂಟೆಗೆ ತೆರೆಯಬೇಕು, ಎಷ್ಟಕ್ಕೆ ಮುಚ್ಚಬೇಕು. ಸರ್ ಅಕ್ಷರ ಮುತ್ತು ಪೋಣಿಸಿದ ಹಾಗೆ ಇತ್ತು.  ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ನಾಲ್ಕನೇ ರಿಂಗಿಗೆ ಎತ್ತಿದೆ.

"ಎಲ್ಲಿ ಸತ್ತಿದ್ದೀ?" ಎಂದಿತು ಆ ಕಡೆಯ ದನಿ.

ಅಂಥ ದನಿಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಏರಿದ ದನಿ ಅಲ್ಲ, ಮೆಲ್ಲಗಿನ ದನಿಯೇ. ಆದರೆ ಬೆನ್ನಲ್ಲಿ ನೀರು ಹೊಯ್ದ ಹಾಗಾಯಿತು. "ಸರ್, ನಾನು… ಎದುರುಮನಿಯಾಕಿ," ಎಂದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದನಿ ಬದಲಾಯಿತು. "ಓಹೋ ತಂಗಿ! ಆರಾಮ ಅದೀ ಏನವಾ? ಅಕಿಗೆ ಹುಷಾರಿಲ್ಲೇನು? ನಿಮ್ಮ ಮನ್ಯಾಗ ಅದಾಳೇನು?"

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾರೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡು ದನಿಗಳನ್ನೂ ನಾನು ಈಗಷ್ಟೇ ಕೇಳಿದ್ದೆ, ಗೋಡೆಯ ಮೇಲಿನ ಹಾಳೆ ಕಣ್ಣ ಮುಂದಿತ್ತು. ಆದರೂ ನಾನು ಅಂದದ್ದು, "ಹೌದ್ರಿ ಸರ್." ಯಾಕೆ ಅಂದೆ? ಓದಿದ ಹುಡುಗಿ, ಹಿರಿಯರ ಮುಂದೆ ಸುಳ್ಳಾಡಬಾರದು ಎಂದು ಬೆಳೆದವಳು. ಇದಕ್ಕಿಂತ ಒಳ್ಳೆಯ ಕಾರಣ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಹತ್ತು ನಿಮಿಷದಲ್ಲಿ ಸರ್ ಬಂದರು. ದಾರಿಯಲ್ಲಿ ಮಲ್ಲಿಗೆ ಮಾಲೆ ಕೊಂಡು ತಂದಿದ್ದರು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಅವ್ವನ ಕಾಲು ಮುಟ್ಟಿ ನಮಸ್ಕರಿಸಿದರು. ವೈನಿ ನನ್ನ ಕಡೆ ನೋಡಲಿಲ್ಲ. ವಾಯರ್ ಚೀಲವನ್ನು ಸರ್ ತಾವೇ ಎತ್ತಿಕೊಂಡು, ಕೊತ್ತಂಬರಿ ಎಷ್ಟು ಚಲೋ ಐತಿ ಎಂದರು.

ಅವ್ವನ ಒಳ್ಳೆಯತನಕ್ಕೆ ಅವತ್ತು ಮಿತಿಯೇ ಇರಲಿಲ್ಲ. ತವರುಮನೆ ಎಂದು ಬಾಯಿಬಿಟ್ಟು ಹೇಳಿಯಾಗಿತ್ತಲ್ಲ, ಹಾಗಾದರೆ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದು ಹೇಗೆ? ಟ್ರಂಕು ತೆಗೆದು ನನ್ನ ಮದುವೆಗೆಂದು ಎತ್ತಿಟ್ಟಿದ್ದ ಹಸಿರು ಖಣ ತಂದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ವೈನಿಯ ಸೆರಗು ಹಿಡಿಸಿ ಉಡಿ ತುಂಬಿದಳು. ಓಡಿ ಬಂದವಳನ್ನು ಹಿಡಿದು ಕೊಡುವ ಕೆಲಸಕ್ಕೆ ನಾವು ಕುಂಕುಮ ಹಚ್ಚಿ ಸೋಬಾನೆ ಮಾಡಿದೆವು.

"ನಾಕ ಕಾಳ ಹಾಕವಾ," ಎಂದು ಅವ್ವ ತಟ್ಟೆ ಮುಂದೆ ಹಿಡಿದಳು.

ವೈನಿಯ ಕೈ ಏಳಲಿಲ್ಲ. ಸೆರಗು ಹಿಡಿದು ಸುಮ್ಮನೆ ನಿಂತಿದ್ದರು. ಅವ್ವ ಮತ್ತೊಮ್ಮೆ ಹೇಳಿದಳು. ಆಗ ಸರ್ ನಕ್ಕು, "ಅಕಿಗೆ ಮರವು ಐತಲ್ರಿ ಅವ್ವಾರ," ಎಂದು ತಾವೇ ಹೆಂಡತಿಯ ಉಡಿಗೆ ಕೈ ಹಾಕಿ ನಾಲ್ಕು ಕಾಳು ತೆಗೆದು ತಟ್ಟೆಗೆ ಹಾಕಿದರು. ಬಾಗಿಲಲ್ಲಿ ಸೇರಿದ್ದ ಓಣಿಯ ಹೆಂಗಸರು, ಅಯ್ಯ ಎಂಥಾ ಗಂಡ ನೋಡವಾ ಎಂದರು. ಇಬ್ಬರೂ ಓಣಿ ದಾಟಿ ಎದುರು ಮನೆಗೆ ಹೋದರು. ಬಾಗಿಲು ಹಾಕಿಕೊಂಡಿತು.

ಆಮೇಲೆ ವೈನಿ ನಮ್ಮ ಕಟ್ಟೆಗೆ ಬರಲಿಲ್ಲ. ಎರಡು ತಿಂಗಳಲ್ಲಿ ಅವರು ಊರ ಹೊರಗಿನ ಒಂದು ಹೊಸ ಮನೆಗೆ ಹೋದರು, ಅಲ್ಲಿ ಎದುರು ಮನೆಯೇ ಇರಲಿಲ್ಲ. ಬಹಳ ವರ್ಷದ ಮೇಲೆ ಒಮ್ಮೆ ಸವದತ್ತಿ ಗುಡ್ಡಕ್ಕೆ ಹೋದಾಗ, ಉಗರಗೋಳದ ದಾರಿಯಲ್ಲಿ ಬಳೆ ಅಂಗಡಿಯ ಮುಂದೆ ಇಬ್ಬರನ್ನೂ ಕಂಡೆ. ಸರ್ ಅವರ ಮೊಣಕೈ ಹಿಡಿದಿದ್ದರು. "ವೈನಿ, ಗುರ್ತು ಸಿಕ್ಕಿತ್ರೀ?" ಎಂದೆ. ವೈನಿ ನನ್ನನ್ನು ನೋಡಲಿಲ್ಲ, ಗಂಡನ ಮುಖ ನೋಡಿದರು. ನನ್ನ ಗುರುತು ತಮಗಿದೆಯೋ ಇಲ್ಲವೋ ಎಂದು ಅವರನ್ನು ಕೇಳಿ ಹೇಳಬೇಕಿತ್ತು.

ಹೋದ ವರ್ಷ ವೈನಿ ತೀರಿಕೊಂಡರು. ತಿಂಗಳುಗಟ್ಟಲೆ ಹೊಟ್ಟೆನೋವಿತ್ತಂತೆ. ಬೆಳಗಾವಿಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅವಳು ನನಗೆ ಹೇಳಲೇ ಇಲ್ಲ ಎಂದು ಸರ್ ಬಂದವರೆಲ್ಲರ ಮುಂದೆ ಅತ್ತರು. ನಾನೂ ಹೋಗಿದ್ದೆ. ಗೋಡೆಯ ಮೇಲೆ ದೊಡ್ಡ ಫೋಟೊ, ಅದಕ್ಕೆ ಮಲ್ಲಿಗೆ ಮಾಲೆ. ಸರ್ ನನ್ನ ಎರಡೂ ಕೈ ಹಿಡಿದರು. "ತಂಗಿ, ಅವತ್ತ ನೀ ಫೋನ್ ಎತ್ತಿ ಖರೆ ಹೇಳಿದ್ದಕ್ಕ ನನ್ನ ಮನಿ ಉಳೀತು. ನಿಮ್ಮ ಉಪಕಾರ ಮರ್ಯಾಂಗಿಲ್ಲ," ಎಂದರು. ಅವರು ಮರೆಯುವುದಿಲ್ಲ, ನನಗೆ ಗೊತ್ತು. ಮನೆಗೆ ಬಂದು ಬಚ್ಚಲಲ್ಲಿ ಕೂತು ಕೈ ತೊಳೆದುಕೊಂಡೆ, ಸಾಬೂನು ಹಚ್ಚಿ ಹಚ್ಚಿ.

ಈಗ ನಾವು ನಾಲ್ಕಾರು ಹೆಣ್ಣುಮಕ್ಕಳು ಸೇರಿ ಒಂದು ಸಣ್ಣ ಸಲಹಾ ಕೇಂದ್ರ ನಡೆಸುತ್ತೇವೆ. ಒಂದು ಕೋಣೆ, ಐದು ಕುರ್ಚಿ, ಗೂಡಿನಲ್ಲಿ ಒಂದು ದೇವರ ಫೋಟೊ. ನನಗೆ ಈಗ ಸಾಲಿಯಲ್ಲಿ ನೌಕರಿ, ದಿನಾ ಸಾಲಿ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುತ್ತೇನೆ. ತರಬೇತಿ ಕೊಡಲು ಬಂದವರು ಹಲಗೆಯ ಮೇಲೆ ಬರೆದರು: ಕೈಯೆತ್ತದೆ ಮಾಡುವ ದೌರ್ಜನ್ಯ, ತವರಿನಿಂದ ದೂರ ಮಾಡುವುದು, ಹೊತ್ತುಹೊತ್ತಿಗೆ ಕಾವಲು, ತನ್ನ ಬುದ್ಧಿಯ ಮೇಲೆ ತನಗೇ ಅನುಮಾನ ಹುಟ್ಟಿಸುವುದು. ಉಳಿದವರು ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ, ನನಗೆ ಅದೆಲ್ಲ ಎದುರು ಮನೆಯಲ್ಲಿ ಪಾಠವಾಗಿತ್ತು. ಈಗ ನಮ್ಮಲ್ಲಿಗೆ ಬಂದವರನ್ನು ಹೊಡೆಯುತ್ತಾನೇನು ಎಂದು ಮೊದಲು ಕೇಳುವುದಿಲ್ಲ. ಮನೆಯಲ್ಲಿ ನೀನಿಟ್ಟ ವಸ್ತು ನೀನಿಟ್ಟಲ್ಲೇ ಇರುತ್ತದೇನು ಎಂದು ಕೇಳುತ್ತೇನೆ. ಕೆಲವರು ಅಷ್ಟಕ್ಕೇ ಬಿಕ್ಕುತ್ತಾರೆ.

ಹದಿನೈದು ದಿನದ ಹಿಂದೆ ಕಿತ್ತೂರಿನ ಕಡೆಗೆ ಕೊಟ್ಟ ಚಚಡಿಯ ಹುಡುಗಿಯೊಬ್ಬಳು ಬಂದಳು. ತವರಿಗೆ ಹೊರಟವಳು, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಎತ್ತದಿದ್ದರೆ ಗಂಡ ಹುಡುಕಿಕೊಂಡು ಬರುತ್ತಾನೆ. ಎತ್ತಿ, ಗುಡಿಗೆ ಬಂದಿದ್ದೇನೆ ಎಂದಳು. ಗುಡಿಯಲ್ಲಿದ್ದರೆ ಗಂಟೆ ಯಾಕೆ ಕೇಳಿಸುತ್ತಿಲ್ಲ ಎಂದು ಅವನು ಕೇಳಿರಬೇಕು, ಮುಖ ಬಿಳಿಚಿತು. "ಗಂಟಿ… ಗಂಟಿ ಕೇಳವಲ್ದೇನ್ರಿ?" ಎಂದು ತೊದಲುತ್ತ ನಮ್ಮನ್ನು ನೋಡಿದಳು. ನಾನು ಎದ್ದು ಗೂಡಿನಲ್ಲಿದ್ದ ಪೂಜೆಯ ಗಂಟೆ ತೆಗೆದು ಅವಳ ಕಿವಿಯ ಹತ್ತಿರ ಬಾರಿಸಿದೆ. ಬಾರಿಸಿದೆ, ಬಾರಿಸಿದೆ, ಆ ಕಡೆಯವನು ಫೋನು ಇಟ್ಟ ಮೇಲೂ ಬಾರಿಸುತ್ತಲೇ ಇದ್ದೆ. ಜೊತೆಯವರು ನನ್ನ ಕೈಯಿಂದ ಗಂಟೆ ಕಸಿದುಕೊಂಡರು. ಹುಡುಗಿಗೆ ಬಸ್ಸು ಸಿಕ್ಕಿತು. ದೀಪ ಹಚ್ಚುವ ಹೊತ್ತಿಗೆ ಚಚಡಿ ಮುಟ್ಟಿದಳು.

ಅಷ್ಟೇ ಸುಲಭವಿತ್ತು. ಅದು ಇಷ್ಟು ಸುಲಭವಿತ್ತೆಂದು ತಿಳಿದದ್ದೇ ನನಗೆ ಸಹಿಸಲು ಆಗುತ್ತಿಲ್ಲ.

ಶುಕ್ರವಾರ ಉಡಿ ತುಂಬಿದ್ದು ಆ ಹುಡುಗಿಯ ತಾಯಿ. ಚೆಲ್ಲಿದ್ದನ್ನು ಬಳಿದು ಮತ್ತೆ ತುಂಬಿದರು. ನಾಲ್ಕು ಕಾಳು ತೆಗೆದು ತಟ್ಟೆಗೆ ಹಾಕಿ ಬಂದೆ. ಬೈಲಹೊಂಗಲಕ್ಕೆ ಬಂದು ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಮೊರಕ್ಕೆ ಸುರಿದೆ. ಅವ್ವನಿಗೆ ಈಗ ಕಣ್ಣು ಮಂಜು, ಆದರೂ ಕಾಳು ಹಸನು ಮಾಡುವುದನ್ನು ಬಿಟ್ಟಿಲ್ಲ. ವೈನಿಯ ಉಡಿ ತುಂಬಿದ ದಿನದಿಂದ ಅವಳು ಮತ್ತೆ ಯಾರ ಉಡಿಯನ್ನೂ ತುಂಬಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಎನ್ನುತ್ತಾಳೆ. ಎದುರು ಮನೆಯ ಮಾತನ್ನು ನಾವಿಬ್ಬರೂ ಈ ಹನ್ನೆರಡು ವರ್ಷ ಎತ್ತಿರಲಿಲ್ಲ.

ಯಾರು ತುಂಬಿದ್ದು ಎಂದು ಕೇಳಿದಳು. ಹೇಳಿದೆ. ಗಂಟೆಯದನ್ನೂ ಹೇಳಿದೆ. ಅವಳ ಬೆರಳು ಅಕ್ಕಿಯಲ್ಲಿ ನಿಂತವು.

"ಅಕಿಗೆ ಮರವು ಆಗಿದ್ದಿಲ್ಲ ಅವತ್ತ," ಎಂದಳು. "ಸೆರಗಿನ ಅಂಚು ಮುಷ್ಟಿ ಹಿಡಿದಿದ್ಲು. ಉಗುರು ಬೆಳ್ಳಗಾಗಿದ್ವು. ನಾ ನೋಡಿದ್ನೆವಾ… ನೋಡಿನ ತಟ್ಟಿ ಮುಂದ ಹಿಡಿದೆ."

ನಾನು ಆ ದನಿಯನ್ನು ಕೇಳಿದ್ದೆ, ಅವ್ವ ಆ ಮುಷ್ಟಿಯನ್ನು ನೋಡಿದ್ದಳು. ಓಣಿಯಲ್ಲಿ ಅಷ್ಟು ಮನೆಗಳಿದ್ದವು, ಎಲ್ಲ ಬಿಟ್ಟು ವೈನಿ ನಮ್ಮ ಮನೆಗೇ ಬಂದಿದ್ದರು.